ವರ್ಷ ಋತುವಿನ ಹಬ್ಬಗಳು ಪ್ರತಿವರ್ಷ ದಿನ ಬದಲಿಸುವುದೇಕೆ? ಶ್ರಾವಣ, ಭಾದ್ರಪದಗಳ ಲೆಕ್ಕಾಚಾರ

2023ರಲ್ಲಿ ನಾಗರ ಪಂಚಮಿ ಆಗಸ್ಟ್ 21ರಂದು ಬಂದಿತ್ತು. ಮರುವರ್ಷ ಅದು ಆಗಸ್ಟ್ 9ಕ್ಕೆ ಸರಿಯಿತು. 2025ರಲ್ಲಿ ಇನ್ನೂ ಹಿಂದಕ್ಕೆ ಹೋಗಿ ಜುಲೈ 29ರಂದೇ ಬಂತು. 2026ರಲ್ಲಿ ಒಮ್ಮೆಲೇ ಮುಂದಕ್ಕೆ ಜಿಗಿದು ಆಗಸ್ಟ್ 17ಕ್ಕೆ ಬೀಳುತ್ತದೆ. ಗಣೇಶನ ಹಬ್ಬವೂ ಹೀಗೆಯೇ ಆಗಸ್ಟ್ ಕೊನೆಗೂ ಸೆಪ್ಟೆಂಬರ್ ನಡುವಿಗೂ ಓಡಾಡುತ್ತದೆ. ಆದರೆ ಇದೇ ಮಳೆಗಾಲದಲ್ಲಿ ಕೊಡಗಿನವರು ಆಚರಿಸುವ ಕಕ್ಕಡ ಹದಿನೆಂಟು ಪ್ರತಿವರ್ಷ ಆಗಸ್ಟ್ 3ರ ಸುಮಾರಿಗೇ ಬರುತ್ತದೆ, ತುಳುನಾಡಿನ ಸೋಣ ತಿಂಗಳು ಆಗಸ್ಟ್ 17ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಒಂದೇ ನಾಡಿನಲ್ಲಿ, ಒಂದೇ ಋತುವಿನಲ್ಲಿ ಕೆಲವು ಹಬ್ಬಗಳು ಕದಲುವುದೂ ಕೆಲವು ಕದಲದಿರುವುದೂ ಅನೇಕರಿಗೆ ಗೊಂದಲವೆನಿಸುತ್ತದೆ. ಪಂಚಾಂಗದ ದೃಷ್ಟಿಯಿಂದ ನೋಡಿದರೆ ಇವುಗಳಲ್ಲಿ ಯಾವುದೂ ಮನಬಂದಂತೆ ಅಲೆಯುವುದಿಲ್ಲ. ಪ್ರತಿ ಹಬ್ಬವೂ ಸೂರ್ಯನ ರಾಶಿಗೋ ಚಂದ್ರನ ತಿಥಿಗೋ ನಕ್ಷತ್ರಕ್ಕೋ ವಾರಕ್ಕೋ, ಕೆಲವೊಮ್ಮೆ ಇವುಗಳಲ್ಲಿ ಎರಡು ಮೂರಕ್ಕೆ ಒಟ್ಟಿಗೇ, ಬಿಗಿಯಾಗಿ ಕಟ್ಟಲ್ಪಟ್ಟಿದೆ. ಯಾವ ಹಬ್ಬ ಯಾವುದಕ್ಕೆ ಕಟ್ಟಲ್ಪಟ್ಟಿದೆ ಎಂಬುದು ತಿಳಿದರೆ ಇಡೀ ವರ್ಷ ಋತುವಿನ ಲೆಕ್ಕ ಬಿಡಿಸಿಕೊಳ್ಳುತ್ತದೆ.

ಪಂಚಾಂಗವು ವರ್ಷವನ್ನು ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರ ಎಂಬ ಆರು ಋತುಗಳಾಗಿ ಹಂಚಿ, ಪ್ರತಿಯೊಂದಕ್ಕೂ ಎರಡೆರಡು ಮಾಸಗಳನ್ನು ಕೊಡುತ್ತದೆ. ಚೈತ್ರ, ವೈಶಾಖಗಳು ವಸಂತವಾದರೆ ಜ್ಯೇಷ್ಠ, ಆಷಾಢಗಳು ಗ್ರೀಷ್ಮ, ಶ್ರಾವಣ, ಭಾದ್ರಪದಗಳು ವರ್ಷ ಋತು. ಇಲ್ಲಿಯೇ ಮೊದಲ ಪ್ರಶ್ನೆ ಏಳುತ್ತದೆ. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಕರಾವಳಿ ಮತ್ತು ಮಲೆನಾಡುಗಳಲ್ಲಿ ಜೂನ್ ಮೊದಲೆರಡು ವಾರಗಳಲ್ಲೇ ಮಳೆ ಹಿಡಿದುಬಿಡುತ್ತದೆ. ಉತ್ತರ ಕರ್ನಾಟಕದ ರೈತರು ಎತ್ತುಗಳಿಗೆ ಬಣ್ಣ ಹಚ್ಚಿ ಕರಿ ಹರಿಯುವ ಕಾರ ಹುಣ್ಣಿಮೆ ಜ್ಯೇಷ್ಠ ಮಾಸದ್ದು. ಹೊಲದ ಮಣ್ಣು ತಂದು ಜೋಡೆತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯೂ ಅದೇ ಮಾಸದ ಕೊನೆಯ ದಿನ. ಎರಡೂ ಮಳೆಯನ್ನು, ಬಿತ್ತನೆಯನ್ನು ಎದುರುಗೊಳ್ಳುವ ಹಬ್ಬಗಳೇ. ಆದರೂ ಪಂಚಾಂಗದಲ್ಲಿ ಅವು ಗ್ರೀಷ್ಮ ಋತುವಿಗೆ ಸೇರುತ್ತವೆ. ಹೊರಗೆ ಮಳೆ ಸುರಿಯುತ್ತಿರುವಾಗ ಸಂಕಲ್ಪದಲ್ಲಿ ‘ಗ್ರೀಷ್ಮ ಋತೌ’ ಎಂದು ಹೇಳುವವರಿಗೆ ಇದು ವಿಚಿತ್ರವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಇದಕ್ಕೆ ದೊಡ್ಡ ಕಾರಣ ಅಯನಚಲನೆ. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೆ ಒಂದು ಸುತ್ತಿನಂತೆ ಅತಿ ನಿಧಾನವಾಗಿ ಓಲಾಡುವುದರಿಂದ, ಅಯನಗಳು (ಸೂರ್ಯನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವ ಬಿಂದುಗಳು) ಮತ್ತು ವಿಷುವಗಳು (ಹಗಲು ರಾತ್ರಿ ಸಮನಾಗುವ ಬಿಂದುಗಳು) ನಕ್ಷತ್ರಗಳ ಹಿನ್ನೆಲೆಯಲ್ಲಿ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಹಿಂದೆ ಸರಿಯುತ್ತವೆ. ಋತುಗಳು ಹುಟ್ಟುವುದು ಅಯನ, ವಿಷುವಗಳಿಂದ. ಆದರೆ ನಮ್ಮ ಪಂಚಾಂಗದ ರಾಶಿಗಳನ್ನು ಅಳೆಯುವುದು ನಕ್ಷತ್ರಗಳಿಂದ. ಆರನೆಯ ಶತಮಾನದ ವರಾಹಮಿಹಿರನು ತನ್ನ ಕಾಲದಲ್ಲಿ ದಕ್ಷಿಣಾಯನವು ಕರ್ಕ ರಾಶಿಯ ಆರಂಭದಲ್ಲಿ ಆಗುತ್ತದೆಂದೂ, ಹಿಂದೊಮ್ಮೆ ಅದು ಆಶ್ಲೇಷಾ ನಕ್ಷತ್ರದ ನಡುವಿನಲ್ಲಿ ಆಗುತ್ತಿತ್ತೆಂದೂ ಬರೆದಿದ್ದಾನೆ. ಅಂದರೆ ಈ ಸರಿಯುವಿಕೆ ಅವನ ಗಮನಕ್ಕೂ ಬಂದಿತ್ತು. ಅವನ ಕಾಲದಿಂದ ಇಂದಿಗೆ ವ್ಯತ್ಯಾಸ ಇನ್ನಷ್ಟು ಬೆಳೆದು ಈಗ ಒಟ್ಟು 24 ಡಿಗ್ರಿಗಳ ಸಮೀಪಕ್ಕೆ ಬಂದಿದೆ. ಆದ್ದರಿಂದಲೇ ಸೂರ್ಯನು ಆಕಾಶದಲ್ಲಿ ದಕ್ಷಿಣಕ್ಕೆ ತಿರುಗುವುದು ಜೂನ್ 21ರ ಹೊತ್ತಿಗಾದರೂ, ಪಂಚಾಂಗದ ದಕ್ಷಿಣಾಯನ ಪುಣ್ಯಕಾಲವು ಕರ್ಕ ಸಂಕ್ರಮಣದ ಜುಲೈ 16 ಅಥವಾ 17ಕ್ಕೆ ಬರುತ್ತದೆ. ಮಕರ ಸಂಕ್ರಾಂತಿಯು ಡಿಸೆಂಬರ್ ಬದಲು ಜನವರಿಯಲ್ಲಿ ಬರುವುದಕ್ಕೂ ಇದೇ ಕಾರಣ. ಕೇಂದ್ರ ಸರ್ಕಾರವು 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಪಂಚಾಂಗ ಸುಧಾರಣಾ ಸಮಿತಿಯು 1955ರ ವರದಿಯಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ಋತುಗಳಿಗೆ ಹೊಂದಿದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತಾದರೂ, ಮನೆಗಳ ಮತ್ತು ದೇವಸ್ಥಾನಗಳ ಆಚರಣೆ ನಕ್ಷತ್ರ ಆಧಾರದ ಹಳೆಯ ಲೆಕ್ಕದಲ್ಲೇ ಉಳಿಯಿತು.

ರೈತನು ಬಿತ್ತನೆಯ ವಿಷಯದಲ್ಲಿ ಎಂದೂ ಮಾಸದ ಹೆಸರನ್ನು ನೆಚ್ಚಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅವನದು ಮಳೆ ನಕ್ಷತ್ರಗಳ ಲೆಕ್ಕ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಬರುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಆರಿದ್ರಾ ಮಳೆ ಜೂನ್ 22ರ ಸುಮಾರಿಗೆ, ಪುನರ್ವಸು ಜುಲೈ ಮೊದಲ ವಾರದಲ್ಲಿ, ಬಳಿಕ ಪುಷ್ಯ, ಆಶ್ಲೇಷಾ, ಆಗಸ್ಟ್ 17ರ ಸುಮಾರಿಗೆ ಮಘೆ, ಆಮೇಲೆ ಹುಬ್ಬೆ, ಉತ್ತರೆ, ಹಸ್ತ ಎಂದು ಸಾಲಾಗಿ ಬರುತ್ತವೆ. ಇದು ಕೇವಲ ಸೂರ್ಯನ ಲೆಕ್ಕವಾದ್ದರಿಂದ ವರ್ಷದಿಂದ ವರ್ಷಕ್ಕೆ ಹೆಚ್ಚೆಂದರೆ ಒಂದು ದಿನ ಆಚೀಚೆಯಾಗುತ್ತದೆ. ‘ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ’, ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆಗಳ ಹಿಂದೆ ಇರುವುದು ತಲೆಮಾರುಗಳ ಅನುಭವ. ಹೀಗೆ ಬೇಸಾಯ ಸೂರ್ಯನನ್ನು ಹಿಡಿಯಿತು, ವ್ರತ ಹಬ್ಬಗಳು ಬಹುಪಾಲು ಚಂದ್ರನನ್ನು ಹಿಡಿದವು.

ಚಂದ್ರನನ್ನು ಹಿಡಿದುದರಿಂದ ಬರುವ ತೊಡಕು ಸರಳವಾದ ಕಳೆಯುವ ಲೆಕ್ಕದಲ್ಲಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಅಂಥ ಹನ್ನೆರಡು ಮಾಸಗಳು ಸೇರಿದರೆ 354 ದಿನಗಳಿಗಿಂತ ತುಸು ಹೆಚ್ಚು. ಸೌರ ವರ್ಷಕ್ಕಾದರೋ 365 ದಿನಗಳ ಮೇಲೆ ಕಾಲು ದಿನ ಬೇಕು. ಕೊರತೆಯಾಗುವ ಸುಮಾರು ಹನ್ನೊಂದು ದಿನಗಳಷ್ಟೇ ಪ್ರತಿವರ್ಷ ಹಬ್ಬಗಳು ಹಿಂದೆ ಸರಿಯುತ್ತವೆ. ಇದನ್ನು ಹಾಗೆಯೇ ಬಿಟ್ಟಿದ್ದರೆ ಕೆಲವೇ ವರ್ಷಗಳಲ್ಲಿ ಶ್ರಾವಣವು ಕಡು ಬೇಸಿಗೆಗೆ ಬಂದುಬಿಡುತ್ತಿತ್ತು. ಅದನ್ನು ತಡೆಯಲು ಸುಮಾರು ಮೂವತ್ತೆರಡೂವರೆ ತಿಂಗಳಿಗೆ ಒಂದರಂತೆ, 19 ವರ್ಷಗಳಲ್ಲಿ ಏಳು ಬಾರಿ, ಒಂದು ಅಧಿಕ ಮಾಸ ಸೇರುತ್ತದೆ. ಎಲ್ಲಿ ಸೇರಬೇಕು ಎಂಬುದನ್ನು ಯಾರೂ ಇಚ್ಛೆಯಿಂದ ತೀರ್ಮಾನಿಸುವುದಿಲ್ಲ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯನು ಹೊಸ ರಾಶಿಗೆ ಕಾಲಿಡದಿದ್ದರೆ, ಅಂದರೆ ಸಂಕ್ರಮಣವೇ ಇಲ್ಲದಿದ್ದರೆ, ಆ ಮಾಸ ಅಧಿಕವೆನಿಸುತ್ತದೆ.

2023ರ ಅಧಿಕ ಶ್ರಾವಣವನ್ನು ಹತ್ತಿರದಿಂದ ನೋಡಿದರೆ ಈ ನಿಯಮ ಎಷ್ಟು ನಿಖರವೆಂಬುದು ಕಾಣುತ್ತದೆ. ಆ ವರ್ಷ ಜುಲೈ 17ರ ಬೆಳಗಿನ ಜಾವ ಸೂರ್ಯನು ಕರ್ಕಕ್ಕೆ ಬಂದನು. ಅದೇ ದಿನ ನಡುರಾತ್ರಿಯ ಹೊತ್ತಿಗೆ ಅಮಾವಾಸ್ಯೆ ಮುಗಿದು ಹೊಸ ಮಾಸ ಹುಟ್ಟಿತು. ಸಂಕ್ರಮಣವು ಹೊಸ ಮಾಸಕ್ಕೆ ಸೇರುವ ಅವಕಾಶವನ್ನು ಒಂದು ದಿನದೊಳಗೆ ತಪ್ಪಿಸಿಕೊಂಡಿತು. ಮುಂದಿನ ಅಮಾವಾಸ್ಯೆ ಆಗಸ್ಟ್ 16ರ ಮಧ್ಯಾಹ್ನ ಮುಗಿಯಿತು. ಸೂರ್ಯನು ಸಿಂಹಕ್ಕೆ ಬಂದದ್ದು ಆಗಸ್ಟ್ 17ರ ಮಧ್ಯಾಹ್ನ. ಮತ್ತೆ ಒಂದು ದಿನದ ಅಂತರ. ಕರ್ಕ ರಾಶಿಯಲ್ಲಿ ಸೂರ್ಯನಿದ್ದ ಸುಮಾರು ಮೂವತ್ತೊಂದೂವರೆ ದಿನಗಳೊಳಗೆ ಒಂದು ಪೂರ್ತಿ ಚಾಂದ್ರಮಾಸ ಅಡಗಿಹೋಯಿತು. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿದ್ದು ನಿಧಾನವಾಗಿ ಚಲಿಸುವುದರಿಂದ ಈ ಕಾಲದ ಸೌರಮಾಸಗಳೇ ವರ್ಷದಲ್ಲಿ ಅತಿ ದೀರ್ಘವಾದವು. ಅಧಿಕ ಮಾಸಗಳು ಬೇಸಿಗೆ ಮತ್ತು ಮಳೆಗಾಲದ ಮಾಸಗಳಲ್ಲೇ ಹೆಚ್ಚಾಗಿ ಬೀಳುವುದಕ್ಕೆ ಇದೇ ಕಾರಣ. ಹತ್ತೊಂಬತ್ತು ವರ್ಷ ಹಿಂದೆ, 2004ರಲ್ಲಿ ಕೂಡ ಅಧಿಕ ಶ್ರಾವಣವೇ ಬಂದಿತ್ತು. 2023ರಲ್ಲಿ ಹಬ್ಬಗಳೆಲ್ಲ ಆಗಸ್ಟ್ 17ರಿಂದ ಆರಂಭವಾದ ನಿಜ ಶ್ರಾವಣಕ್ಕೆ ಕಾದವು, ವರ್ಷ ಋತುವು ಎರಡರ ಬದಲು ಮೂರು ಮಾಸಗಳದ್ದಾಗಿ ಅಕ್ಟೋಬರ್ 14ರ ಮಹಾಲಯ ಅಮಾವಾಸ್ಯೆಯವರೆಗೆ ಚಾಚಿತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದಲೇ ಆ ವರ್ಷದ ನಾಗರ ಪಂಚಮಿಯು ಹಿಂದೆ ಸರಿಯುವ ಬದಲು ಹತ್ತೊಂಬತ್ತು ದಿನ ಮುಂದೆ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅಮಾಂತ ಪದ್ಧತಿ. ಕನ್ನಡ, ತೆಲುಗು, ಮರಾಠಿ, ಗುಜರಾತಿ ನಾಡುಗಳಲ್ಲಿ ಮಾಸವು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರ ಭಾರತದ ಬಹುಭಾಗದಲ್ಲಿ ಹುಣ್ಣಿಮೆಗೆ ಮುಗಿಯುವ ಪೂರ್ಣಿಮಾಂತ ಪದ್ಧತಿಯಿದೆ. ಅಲ್ಲಿನ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮುಂಚೆಯೇ ಆರಂಭವಾಗುತ್ತದೆ, ಕೃಷ್ಣ ಜನ್ಮಾಷ್ಟಮಿ ನಮಗೆ ಶ್ರಾವಣ ಬಹುಳ ಅಷ್ಟಮಿಯಾದರೆ ಅವರಿಗೆ ಭಾದ್ರಪದ ಕೃಷ್ಣ ಅಷ್ಟಮಿ. ಹೆಸರು ಬೇರೆಯಾದರೂ ಚಂದ್ರ ಅದೇ, ದಿನವೂ ಅದೇ. ತುಳುನಾಡು ಮತ್ತು ಕೊಡಗುಗಳಲ್ಲಿ ಮಾತ್ರ ವ್ಯತ್ಯಾಸ ಹೆಸರಿನದ್ದಷ್ಟೇ ಅಲ್ಲ. ಅಲ್ಲಿ ತಿಂಗಳೇ ಸೂರ್ಯನದ್ದು. ಕರ್ಕ ಮಾಸವು ತುಳುವಿನಲ್ಲಿ ಆಟಿ, ಕೊಡವರಲ್ಲಿ ಕಕ್ಕಡ. ಆಟಿಯಲ್ಲಿ ಬರುವ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮುನ್ನ ಹಾಲೆ ಮರದ ತೊಗಟೆಯನ್ನು ಲೋಹ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ ಮನೆಮಂದಿಯೆಲ್ಲ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಕಕ್ಕಡದ ಹದಿನೆಂಟನೆಯ ದಿನ ಕೊಡಗಿನಲ್ಲಿ ಮದ್ದು ಸೊಪ್ಪಿನ ರಸದಿಂದ ಕಡು ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂಬ ನಂಬಿಕೆಯಿದೆ. ಮೊದಲನೆಯದಕ್ಕೆ ಸೌರಮಾಸವೂ ಚಂದ್ರನ ತಿಥಿಯೂ ಬೇಕು, ಎರಡನೆಯದಕ್ಕೆ ಸೂರ್ಯನೊಬ್ಬನೇ ಸಾಕು. ಕಕ್ಕಡ ಹದಿನೆಂಟು ಕದಲದಿರುವುದಕ್ಕೆ ಇದೇ ಕಾರಣ.

ಇನ್ನು ತಿಥಿ. ಸೂರ್ಯನಿಗಿಂತ ಚಂದ್ರನು ಹನ್ನೆರಡು ಡಿಗ್ರಿ ಮುಂದೆ ಹೋಗಲು ತೆಗೆದುಕೊಳ್ಳುವ ಅವಧಿಯೇ ಒಂದು ತಿಥಿ. ಚಂದ್ರನ ವೇಗ ಒಂದೇ ಸಮನಾಗಿರುವುದಿಲ್ಲ. ಅವನು ಭೂಮಿಗೆ ಹತ್ತಿರವಿದ್ದಾಗ ತಿಥಿ ಸುಮಾರು 20 ಗಂಟೆಗಳಲ್ಲೇ ಮುಗಿಯಬಹುದು, ದೂರವಿದ್ದಾಗ 26 ಗಂಟೆಗಳನ್ನೂ ಮೀರಬಹುದು. 2024ರ ನಾಗರ ಪಂಚಮಿಯ ತಿಥಿ ಆಗಸ್ಟ್ 8ರ ನಡುರಾತ್ರಿ ಕಳೆದು ಅರ್ಧ ಗಂಟೆಯ ಬಳಿಕ ಹಿಡಿದು, 9ನೆಯ ತಾರೀಖು ಪೂರ್ತಿ ಇದ್ದು, 10ರ ಬೆಳಗಿನ ಜಾವ ಮೂರು ದಾಟಿದ ಮೇಲೆ ಬಿಟ್ಟಿತು. ಇಪ್ಪತ್ತಾರೂವರೆ ಗಂಟೆಗೂ ಹೆಚ್ಚು. ಹಳೆಯ ಸಿದ್ಧಾಂತ ಗಣಿತದವರು ಇದನ್ನು ‘ಬಾಣವೃದ್ಧಿ ರಸಕ್ಷಯ’ ಎಂಬ ಸೂತ್ರದಲ್ಲಿ ಇಟ್ಟಿದ್ದಾರೆ. ಬಾಣಗಳು ಐದು, ರಸಗಳು ಆರು; ಅಂದರೆ ತಿಥಿಯು 60 ಘಳಿಗೆಗಳಿಗಿಂತ ಐದು ಘಳಿಗೆ ಹೆಚ್ಚಬಹುದು ಅಥವಾ ಆರು ಘಳಿಗೆ ಕುಗ್ಗಬಹುದು. ಒಂದು ಘಳಿಗೆಗೆ 24 ನಿಮಿಷದಂತೆ ಲೆಕ್ಕ ಹಾಕಿದರೆ ಗರಿಷ್ಠ ಮಿತಿ 26 ಗಂಟೆ. 2024ರ ಪಂಚಮಿ ಆ ಮಿತಿಯನ್ನು ದಾಟಿತ್ತು. ಇಂದಿನ ಖಗೋಳ ವೀಕ್ಷಣೆಗೆ ಹೊಂದಿಸಿ ಲೆಕ್ಕ ಹಾಕುವ ದೃಗ್ಗಣಿತ ಪಂಚಾಂಗಗಳಿಗೂ ಸೂರ್ಯಸಿದ್ಧಾಂತವನ್ನು ಅನುಸರಿಸುವ ಪಂಚಾಂಗಗಳಿಗೂ ತಿಥಿಯ ಆರಂಭ, ಅಂತ್ಯಗಳಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ವ್ಯತ್ಯಾಸ ಕಾಣುವುದು ಇದರಿಂದಲೇ. ಎರಡು ಪಂಚಾಂಗಗಳು ಒಂದೇ ಹಬ್ಬಕ್ಕೆ ಎರಡು ದಿನ ಹೇಳಿದಾಗ ಯಾರೋ ತಪ್ಪು ಮಾಡಿದ್ದಾರೆಂದು ಸಿಟ್ಟಾಗುವ ಅಗತ್ಯವಿಲ್ಲವೆಂದು ನಾನು ಭಾವಿಸುತ್ತೇನೆ. ಎರಡರ ಗಣಿತವೂ ತಂತಮ್ಮ ಆಧಾರಕ್ಕೆ ನಿಷ್ಠವಾಗಿರುತ್ತದೆ.

ತಿಥಿಯು ದಿನದ ಯಾವ ಹೊತ್ತಿನಲ್ಲಾದರೂ ಹಿಡಿಯಬಹುದಾದ್ದರಿಂದ ಹಬ್ಬವನ್ನು ಯಾವ ದಿನ ಮಾಡಬೇಕೆಂಬ ಪ್ರಶ್ನೆಗೆ ಮತ್ತೊಂದು ನಿಯಮ ಬೇಕಾಗುತ್ತದೆ. ಧರ್ಮಶಾಸ್ತ್ರಕಾರರು ಹಗಲನ್ನು ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ ಎಂದು ಐದು ಪಾಲು ಮಾಡಿದರು. ಒಂದೊಂದು ಪಾಲು ಸುಮಾರು ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಪ್ರತಿ ಹಬ್ಬಕ್ಕೂ ಅದರದೇ ಕರ್ಮಕಾಲವಿದೆ, ಆ ಹೊತ್ತಿನಲ್ಲಿ ತಿಥಿ ಇರಬೇಕು. ಕ್ಯಾಲೆಂಡರಿನ ಚೌಕದಲ್ಲಿ ಬರೆದ ತಿಥಿ ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿ. ಹಬ್ಬಕ್ಕೆ ಬೇಕಾದದ್ದು ಬೇರೆ ಹೊತ್ತಿನ ತಿಥಿಯಾಗಿರಬಹುದು. ಮನೆಮನೆಗಳಲ್ಲಿ ಪ್ರತಿವರ್ಷ ಏಳುವ ಚರ್ಚೆಗಳ ಮೂಲ ಬಹುತೇಕ ಇಲ್ಲಿಯೇ ಇದೆ.

ನಾಗರ ಪಂಚಮಿ ಬೆಳಗಿನ ಪೂಜೆಯ ಹಬ್ಬವಾದ್ದರಿಂದ ಅದಕ್ಕೆ ಸೂರ್ಯೋದಯದ ಪಂಚಮಿ ಬೇಕು. ಉತ್ತರ ಕರ್ನಾಟಕದಲ್ಲಿ ‘ಪಂಚಮಿ’ ಎಂದಷ್ಟೇ ಹೇಳಿದರೆ ಸಾಕು, ಅದು ಇಡೀ ವರ್ಷದಲ್ಲಿ ಹೆಣ್ಣುಮಕ್ಕಳು ಅತಿ ಆಸೆಯಿಂದ ಕಾಯುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುತ್ತಾರೆ. ಮುಂಚಿನ ದಿನಗಳಲ್ಲಿ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಕಟಕು ರೊಟ್ಟಿ ತಟ್ಟಿ, ತರತರದ ಪಲ್ಯ, ಚಟ್ನಿಪುಡಿಗಳ ಜೊತೆಗೆ ಮನೆಯಿಂದ ಮನೆಗೆ ಹಂಚುತ್ತಾರೆ. ಆಮೇಲೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು. ದೊಡ್ಡ ಮರದ ಕೊಂಬೆಗೆ ಹಗ್ಗ ಬಿಗಿದು ಜೋಕಾಲಿ ಕಟ್ಟುತ್ತಾರೆ. ಹುತ್ತಕ್ಕೋ ಕಲ್ಲಿನ ನಾಗಪ್ಪನಿಗೋ ಹಾಲೆರೆಯುತ್ತಾರೆ. ಆ ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಕರಿಯುವುದೂ ಹುರಿಯುವುದೂ ಇಲ್ಲ. ಮಳೆನೀರು ಬಿಲಕ್ಕೆ ನುಗ್ಗಿ ಹಾವುಗಳು ಹೊರಬರುವ ಕಾಲದಲ್ಲಿ ಗುದ್ದಲಿ ನೇಗಿಲುಗಳಿಗೆ ರಜೆ ಕೊಡುವ ಈ ನಿಯಮ ನನಗೆ ಬಹಳ ವಿವೇಕದ್ದೆಂದು ತೋರುತ್ತದೆ. ಕರಾವಳಿಯಲ್ಲಿ ಇದೇ ದಿನ ನಾಗಬನಗಳಲ್ಲಿ ತನು, ಅಂದರೆ ಹಾಲು, ಎಳನೀರು, ಎರೆಯುತ್ತಾರೆ. ಅರಿಶಿನದ ಎಲೆಯಲ್ಲಿ ಅಕ್ಕಿಹಿಟ್ಟು ಹಚ್ಚಿ ಕಾಯಿ ಬೆಲ್ಲದ ಹೂರಣವಿಟ್ಟು ಮಡಿಸಿ ಹಬೆಯಲ್ಲಿ ಬೇಯಿಸಿದ ಕಡುಬಿನ ಘಮ ಮನೆ ತುಂಬುತ್ತದೆ. ಅರಿಶಿನದ ಗಿಡ ಅಷ್ಟು ಎಳೆಯದಾದ ಅಗಲ ಎಲೆ ಬಿಟ್ಟಿರುವುದು ಈ ಮಳೆಯ ದಿನಗಳಲ್ಲೇ.

ಶ್ರಾವಣದ ಮತ್ತೊಂದು ವಿಶೇಷವೆಂದರೆ ವಾರದ ಪ್ರಾಮುಖ್ಯ. ಸೋಮವಾರ ಶಿವನಿಗೆ, ಮಂಗಳವಾರ ಮದುವೆಯಾದ ಮೊದಲ ಐದು ವರ್ಷಗಳಲ್ಲಿ ಮಾಡುವ ಮಂಗಳ ಗೌರಿ ವ್ರತಕ್ಕೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ವೆಂಕಟರಮಣನಿಗೆ. ವರಮಹಾಲಕ್ಷ್ಮಿ ವ್ರತವು ವಾರ ಮತ್ತು ಪಕ್ಷ ಎರಡನ್ನೂ ಹಿಡಿದಿದೆ. ಅದು ಹುಣ್ಣಿಮೆಗೆ ಹತ್ತಿರದ ಹಿಂದಿನ ಶುಕ್ರವಾರ ಬರುತ್ತದೆ. 2025ರಲ್ಲಿ ಹುಣ್ಣಿಮೆ ಆಗಸ್ಟ್ 9ರ ಶನಿವಾರವಾದ್ದರಿಂದ ವ್ರತ 8ರಂದು ನಡೆಯಿತು. ಹುಣ್ಣಿಮೆಯೇ ಶುಕ್ರವಾರ ಬಂದ ವರ್ಷ ಕೆಲವರು ಅದೇ ದಿನವನ್ನೂ ಕೆಲವರು ಹಿಂದಿನ ಶುಕ್ರವಾರವನ್ನೂ ಹಿಡಿಯುತ್ತಾರೆ.

ಉಪಾಕರ್ಮದಲ್ಲಿ ಲೆಕ್ಕದ ಸೊಗಸು ಇನ್ನೂ ಹೆಚ್ಚು. ಜನಿವಾರ ಬದಲಿಸುವ ಕರ್ಮ ಒಂದೇ, ಆದರೆ ಯಜುರ್ವೇದಿಗಳು ಶ್ರಾವಣದ ಹುಣ್ಣಿಮೆ ತಿಥಿಯನ್ನು ಹಿಡಿದರೆ, ಋಗ್ವೇದಿಗಳು ಆ ಮಾಸದಲ್ಲಿ ಚಂದ್ರನು ಶ್ರವಣ ನಕ್ಷತ್ರದಲ್ಲಿರುವ ದಿನವನ್ನು ಹಿಡಿಯುತ್ತಾರೆ, ಸಾಮವೇದಿಗಳು ಭಾದ್ರಪದದ ಹಸ್ತಾ ನಕ್ಷತ್ರಕ್ಕೆ ಕಾಯುತ್ತಾರೆ. ಮೊದಲೆರಡು ಒಂದೇ ದಿನವೋ ಒಂದೆರಡು ದಿನಗಳ ಅಂತರದಲ್ಲೋ ಬರುತ್ತವೆ, ಏಕೆಂದರೆ ಶ್ರಾವಣದ ಹುಣ್ಣಿಮೆಯ ಚಂದ್ರ ಶ್ರವಣದ ಸಮೀಪವೇ ಇರುತ್ತಾನೆ. ಸಾಮವೇದಿಗಳದ್ದು 2025ರಲ್ಲಿ ಗೌರಿ ಹಬ್ಬದ ದಿನವಾದ ಆಗಸ್ಟ್ 26ಕ್ಕೆ ಬಿತ್ತು. ಹುಣ್ಣಿಮೆ ಕಳೆದ ಎರಡನೆಯ ದಿನ, ಬಹುಳ ಬಿದಿಗೆಯಂದು, ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳ ಆರಾಧನೆ. 1671ರಲ್ಲಿ ಅವರು ವೃಂದಾವನ ಪ್ರವೇಶ ಮಾಡಿದ್ದು ಈ ತಿಥಿಯಂದು.

ಕೃಷ್ಣ ಜನ್ಮಾಷ್ಟಮಿಯ ಕರ್ಮಕಾಲ ನಡುರಾತ್ರಿ. ಬಹುಳ ಅಷ್ಟಮಿಯಂದು ಚಂದ್ರನು ಸೂರ್ಯನಿಗಿಂತ ಸುಮಾರು ಕಾಲು ವೃತ್ತ ಹಿಂದಿರುವುದರಿಂದ ಅವನ ಉದಯವೂ ನಡುರಾತ್ರಿಯ ಸುಮಾರಿಗೇ ಆಗುತ್ತದೆ. ಕೃಷ್ಣನಿಗೂ ಚಂದ್ರನಿಗೂ ಒಟ್ಟಿಗೆ ಅರ್ಘ್ಯ ಕೊಡುವ ಸಂಪ್ರದಾಯಕ್ಕೆ ಇದು ಚೆನ್ನಾಗಿ ಕೂಡಿಬರುತ್ತದೆ. ಸ್ಮಾರ್ತರಿಗೆ ನಡುರಾತ್ರಿಯಲ್ಲಿ ಅಷ್ಟಮಿ ಇದ್ದರೆ ಸಾಕು. ವೈಷ್ಣವರಲ್ಲಿ ಹಲವರು ಸಪ್ತಮಿಯ ಸ್ಪರ್ಶವಿರುವ ದಿನವನ್ನು ಬಿಡುತ್ತಾರೆ, ರೋಹಿಣಿ ನಕ್ಷತ್ರವನ್ನೂ ನೋಡುತ್ತಾರೆ. ಉಡುಪಿಯ ಮಠಗಳಲ್ಲಿ ಇದಕ್ಕೆ ಸೌರಮಾನವೂ ಸೇರುತ್ತದೆ. ಸೂರ್ಯನು ಸಿಂಹ ರಾಶಿಯಲ್ಲಿರಲೇಬೇಕು. 2025ರಲ್ಲಿ ಇದರ ಪರಿಣಾಮ ಕಣ್ಣಿಗೆ ಕಟ್ಟುವಂತಿತ್ತು. ಶ್ರಾವಣ ಬಹುಳ ಅಷ್ಟಮಿಯು ಆಗಸ್ಟ್ 15ರ ನಡುರಾತ್ರಿಗೆ ಸ್ವಲ್ಪ ಮುಂಚೆ ಹಿಡಿದು 16ರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಬಿಟ್ಟಿತು, ಸೂರ್ಯನು ಸಿಂಹಕ್ಕೆ ಬಂದದ್ದು ಅದೇ ರಾತ್ರಿ ನಡುರಾತ್ರಿ ಕಳೆದ ಮೇಲೆ. ಕೆಲವೇ ಗಂಟೆಗಳ ಅಂತರದಿಂದ ಆ ಅಷ್ಟಮಿ ಕರ್ಕ ಮಾಸದಲ್ಲೇ ಉಳಿಯಿತು. ದೇಶದ ಉಳಿದೆಡೆ ಆಗಸ್ಟ್ 15, 16ರಂದು ಹಬ್ಬ ಮುಗಿದರೆ, ಉಡುಪಿಯಲ್ಲಿ ಮುಂದಿನ ಬಹುಳ ಅಷ್ಟಮಿಯಾದ ಸೆಪ್ಟೆಂಬರ್ 14ರಂದು ಜನ್ಮಾಷ್ಟಮಿ, 15ರಂದು ವಿಟ್ಲಪಿಂಡಿ. ಅಂದು ಮಣ್ಣಿನ ಕೃಷ್ಣನ ಮೂರ್ತಿಯನ್ನು ರಥದಲ್ಲಿಟ್ಟು ರಥಬೀದಿಯಲ್ಲಿ ಎಳೆಯುತ್ತಾರೆ, ಗುರ್ಜಿ ಎಂಬ ಮರದ ಚೌಕಟ್ಟುಗಳಿಗೆ ಕಟ್ಟಿದ ಮೊಸರು ಕುಡಿಕೆಗಳನ್ನು ಗೊಲ್ಲ ವೇಷದವರು ಒಡೆಯುತ್ತಾರೆ, ಹುಲಿವೇಷಗಳು ಕುಣಿಯುತ್ತವೆ. ಕೊನೆಗೆ ಮೂರ್ತಿಯನ್ನು ಮಧ್ವ ಸರೋವರದಲ್ಲಿ ವಿಸರ್ಜಿಸುತ್ತಾರೆ.

ಭಾದ್ರಪದದಲ್ಲಿ ಗೌರಿ, ಗಣೇಶರು ತಾಯಿ ಮಗನಾಗಿ ಒಂದರ ಹಿಂದೊಂದು ದಿನ ಬರುವುದು ವಾಡಿಕೆ. ತದಿಗೆಯ ಬೆಳಗ್ಗೆ ಗೌರಿ ಪೂಜೆ. ಹದಿನಾರು ಗಂಟಿನ ದಾರ ಕಟ್ಟಿಕೊಂಡು, ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಕಣ, ಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನಿಟ್ಟು ಇನ್ನೊಂದು ಮೊರ ಮುಚ್ಚಿ, ಮುತ್ತೈದೆಯರಿಗೆ ಬಾಗಿನ ಕೊಡುತ್ತಾರೆ. ಗಣೇಶನಿಗೆ ಮಧ್ಯಾಹ್ನದ ಚೌತಿ ಬೇಕು. ಎರಡರ ಕರ್ಮಕಾಲ ಬೇರೆಯಾದ್ದರಿಂದ ಕೆಲವು ವರ್ಷ ಎರಡೂ ಒಂದೇ ದಿನಕ್ಕೆ ಬರುತ್ತವೆ. 2026ರ ಸೆಪ್ಟೆಂಬರ್ 14ರಂದು ಬೆಳಗ್ಗೆ ಏಳರ ಸುಮಾರಿಗೆ ತದಿಗೆ ಬಿಟ್ಟು ಚೌತಿ ಹಿಡಿಯುವುದರಿಂದ ಸೂರ್ಯೋದಯಕ್ಕೆ ಗೌರಿಯ ತಿಥಿ, ಮಧ್ಯಾಹ್ನಕ್ಕೆ ಗಣೇಶನ ತಿಥಿ. 2023ರ ಚೌತಿ ಇನ್ನೂ ಕಠಿಣ ಪ್ರಶ್ನೆ ಒಡ್ಡಿತ್ತು. ದೃಗ್ಗಣಿತದಂತೆ ಅದು ಸೆಪ್ಟೆಂಬರ್ 18ರ ಮಧ್ಯಾಹ್ನ 12 ಗಂಟೆ 40 ನಿಮಿಷದ ಸುಮಾರಿಗೆ ಹಿಡಿದು 19ರ ಮಧ್ಯಾಹ್ನ 1 ಗಂಟೆ 40 ನಿಮಿಷದ ಸುಮಾರಿಗೆ ಬಿಟ್ಟಿತು. ಆ ದಿನಗಳಲ್ಲಿ ಶಾಸ್ತ್ರದ ಮಧ್ಯಾಹ್ನ ಕಾಲವು ಬೆಂಗಳೂರಿನಲ್ಲಿ ಹೆಚ್ಚುಕಡಿಮೆ 11ರಿಂದ ಒಂದೂಕಾಲು, ಒಂದೂವರೆಯವರೆಗೆ. 18ರಂದು ಆ ಕಾಲದ ಕೊನೆಯ ತುಣುಕಿಗೆ ಮಾತ್ರ ಚೌತಿ ಸಿಕ್ಕಿತು, 19ರಂದು ಪೂರ್ತಿ ಸಿಕ್ಕಿತು. ಎರಡೂ ದಿನ ಮಧ್ಯಾಹ್ನಕ್ಕೆ ತಿಥಿ ತಾಗಿದರೆ ತದಿಗೆಯ ಸ್ಪರ್ಶವಿರುವ ಮೊದಲ ದಿನವೇ ಶ್ರೇಷ್ಠವೆಂಬುದು ಒಂದು ನಿರ್ಣಯ; ಪೂರ್ಣ ವ್ಯಾಪ್ತಿಯಿರುವ ದಿನವನ್ನೇ ಹಿಡಿಯಬೇಕೆಂಬುದು ಇನ್ನೊಂದು. ಕೆಲವೆಡೆ 18ರಂದು, ಕೆಲವೆಡೆ 19ರಂದು ಗಣೇಶ ಕುಳಿತದ್ದು ಹೀಗೆ. ಇಂಥ ವರ್ಷಗಳಲ್ಲಿ ಮನೆಯಲ್ಲಿ ಹಿಂದಿನಿಂದ ಬಳಸುವ ಪಂಚಾಂಗ ಯಾವುದೋ ಅದನ್ನೇ ಅನುಸರಿಸುವುದು ಸರಿಯಾದ ದಾರಿ. ದಿನದ ಅನುಕೂಲ ನೋಡಿ ವರ್ಷಕ್ಕೊಂದು ಪಂಚಾಂಗಕ್ಕೆ ಹಾರಿದರೆ ನಿಯಮದ ಅರ್ಥವೇ ಉಳಿಯುವುದಿಲ್ಲ.

ಮಳೆಗೂ ಹಬ್ಬಕ್ಕೂ ಇರುವ ನಂಟನ್ನು ಅತ್ಯಂತ ನೇರವಾಗಿ ಹೇಳುವವನು ಉತ್ತರ ಕರ್ನಾಟಕದ ಜೋಕುಮಾರ. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯಂದು ಸಾಯುವ ಅವನ ಆಯುಷ್ಯ ಏಳು ದಿನ. ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ಹೆಣ್ಣುಮಕ್ಕಳು ಹಾಡುತ್ತಾ ಮನೆಮನೆಗೆ ಹೊತ್ತು ತರುತ್ತಾರೆ, ಮನೆಯವರು ಮೊರದಲ್ಲಿ ಕಾಳು ಕಡಿ ನೀಡುತ್ತಾರೆ. ಜನಪದ ನಂಬಿಕೆಯಂತೆ ಗಣಪತಿಯು ಭೂಲೋಕದಲ್ಲಿ ಕಡುಬು ಉಂಡು ಹೋಗಿ ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ಹೇಳುತ್ತಾನೆ. ಅವನ ಹಿಂದೆಯೇ ಬರುವ ಜೋಕುಮಾರನು ಮಳೆ ಬೆಳೆಗಳ ಕೊರತೆಯನ್ನು, ಜನರ ಕಷ್ಟವನ್ನು ಕಂಡದ್ದು ಕಂಡಂತೆ ವರದಿ ಮಾಡುತ್ತಾನೆ, ಆಗ ಮಳೆ ಬರುತ್ತದೆ. ಬಯಲುಸೀಮೆಯಲ್ಲಿ ನಿಂತ ಬೆಳೆಗೆ ಉತ್ತರೆ, ಹಸ್ತದ ಮಳೆಗಳು ಜೀವದಷ್ಟು ಮುಖ್ಯವಾಗಿರುವ ಕಾಲ ಇದು. ಅದೇ ಹುಣ್ಣಿಮೆಯ ಹಿಂದಿನ ದಿನ ಹದಿನಾಲ್ಕು ಗಂಟಿನ ದಾರದ ಅನಂತನ ವ್ರತ, ಎಷ್ಟೋ ಊರುಗಳಲ್ಲಿ ಗಣೇಶನನ್ನು ಬಿಡುವ ದಿನವೂ ಅದೇ.

ಹುಣ್ಣಿಮೆ ಕಳೆದರೆ ಪಿತೃಪಕ್ಷ. ಇಲ್ಲಿ ಕರ್ಮಕಾಲ ಮತ್ತೆ ಬದಲಾಗುತ್ತದೆ. ಶ್ರಾದ್ಧಕ್ಕೆ ಹಗಲಿನ ನಾಲ್ಕನೆಯ ಪಾಲಾದ ಅಪರಾಹ್ನದಲ್ಲಿ ತಿಥಿ ಇರಬೇಕು. ಆದ್ದರಿಂದ ಬೆಳಗ್ಗೆ ಒಂದು ತಿಥಿಯಿದ್ದರೂ ಆ ದಿನ ನಡೆಯುವುದು ಮರುತಿಥಿಯ ಶ್ರಾದ್ಧವಾಗಿರಬಹುದು, ಕ್ಯಾಲೆಂಡರಿನ ಚೌಕವನ್ನಷ್ಟೇ ನೋಡಿ ದಿನ ಗೊತ್ತುಮಾಡಿಕೊಂಡವರಿಗೆ ಒಂದು ದಿನ ತಪ್ಪುವ ಸಾಧ್ಯತೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು. ತೀರಿಕೊಂಡವರ ತಿಥಿ ತಿಳಿಯದಿದ್ದವರೂ, ಪಕ್ಷದಲ್ಲಿ ಆ ದಿನ ಮಾಡಲಾಗದಿದ್ದವರೂ ಮಹಾಲಯ ಅಮಾವಾಸ್ಯೆಯಂದು ಎಲ್ಲ ಹಿರಿಯರಿಗೂ ಒಟ್ಟಾಗಿ ಎಡೆ ಇಡುತ್ತಾರೆ. 2025ರಲ್ಲಿ ಅದು ಸೆಪ್ಟೆಂಬರ್ 21ರಂದು ಬಂದಿತ್ತು. ಮರುದಿನದ ಪಾಡ್ಯದಿಂದ ಆಶ್ವಯುಜ ಮಾಸ, ನವರಾತ್ರಿಯ ಘಟಸ್ಥಾಪನೆ, ಮತ್ತು ಸಂಕಲ್ಪದಲ್ಲಿ ‘ವರ್ಷ ಋತೌ’ ಎಂಬಲ್ಲಿ ‘ಶರದೃತೌ’.